ತಾತನ ಬಂದೂಕಿನ ಒಂದೇ ಈಡು

ಮಂಡ್ಯದವನು ಅಂದ ತಕ್ಷಣ ಆಫೀಸಲ್ಲಿ ಎಲ್ಲರೂ ಕಬ್ಬು, ನಾಲೆ, ಬೆಲ್ಲ ಅಂತಾರೆ. ನಮ್ಮೂರು ಮಳವಳ್ಳಿ ತಾಲ್ಲೂಕಿನ ಹಲಗೂರಿನ ಆಚೆ, ಮುತ್ತತ್ತಿ ಕಾಡಿನ ಅಂಚಲ್ಲಿದೆ. ನಾಲೆ ನೀರು ಅಲ್ಲಿಗೆ ಹತ್ತಲ್ಲ. ರಾಗಿ, ಹುರುಳಿ, ಅವರೆ ಎಲ್ಲಾ ಮಳೆ ನಂಬಿಯೇ. ತಿನ್ನೋಕೆ ಹಂದಿ, ಜಿಂಕೆ, ಒಮ್ಮೊಮ್ಮೆ ಆನೆ. ಅದಕ್ಕೇ ತಾತನ ಹತ್ತಿರ ಬೆಳೆ ರಕ್ಷಣೆಯ ಲೈಸೆನ್ಸು, ಒಂಟಿ ನಳಿಗೆಯ 12 ಬೋರ್ ಬಂದೂಕು ಇತ್ತು.

ಚುನಾವಣೆ ಬಂದಾಗೆಲ್ಲ ಅದನ್ನ ಸ್ಟೇಷನ್‌ಗೆ ಕೊಟ್ಟು ರಸೀದಿ ತರಬೇಕಿತ್ತು. ಗೋಡೆಯ ಗೂಟ ಖಾಲಿ ಆಯ್ತು ಅಂದ್ರೆ ಎಲೆಕ್ಷನ್ ಬಂತು ಅಂತ ನಮಗೆ ಗೊತ್ತಾಗ್ತಿತ್ತು.

ಬಂದೂಕು ಬಹಳ ಸರಳ. ಮೇಲಿನ ಕೀಲಿ ತಳ್ಳಿದರೆ ನಳಿಗೆ ಮುಂದಕ್ಕೆ ಬಾಗುತ್ತೆ. ಒಂದು ತೋಟಾ ಹಾಕಿ, ಮುಚ್ಚಿ, ಹಿಂದಿನ ಕುದುರೆ ಎಳೆದರೆ ರೆಡಿ. ಹಕ್ಕಿಗೆ ಸಣ್ಣ ಚರೆ, ದೊಡ್ಡ ಪ್ರಾಣಿಗೆ ದಪ್ಪ ಗುಂಡಿನ ಎಲ್‌ಜಿ. ಮೂವತ್ತು ನಲವತ್ತು ಗಜ ದಾಟಿದರೆ ಗುಂಡು ಚದುರಿ ಹೋಗುತ್ತೆ. ಇನ್ನೊಂದು ಈಡು ಬೇಕಂದ್ರೆ ಮತ್ತೆ ಬಿಚ್ಚಿ, ಹಳೇದು ಕಿತ್ತು, ಹೊಸದು ತುಂಬಬೇಕು. ಅಷ್ಟರಲ್ಲಿ ಜಿಂಕೆ ಕಾಯುತ್ತಾ?

ಹೋದ ವರ್ಷ ತಾತ ತೀರಿಕೊಂಡರು. ಲೈಸೆನ್ಸುದಾರ ಹೋದ ಮೇಲೆ ಬಂದೂಕು ಮನೇಲಿ ಇಟ್ಟುಕೊಳ್ಳೋ ಹಾಗಿಲ್ಲ, ಸ್ಟೇಷನ್‌ಗೆ ಕೊಟ್ಟೆವು. ಅಪ್ಪ ಹಠ ಹಿಡಿದರು. ‘ಮನೆ ಮರ್ಯಾದೆ ಕಣ್ಲಾ ಅದು. ನಿನ್ ಹೆಸ್ರಿಗೆ ಮಾಡ್ಸ್ಕೊ.’ ಬೆಂಗಳೂರಲ್ಲಿ ಬಾಡಿಗೆ ಫ್ಲಾಟಲ್ಲಿ ಇರೋ ನನಗೆ ಬಂದೂಕು! ಆದರೂ ಒಳಗೊಳಗೇ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ, ಫೋಟೋಗಾದರೂ ಚೆನ್ನಾಗಿರುತ್ತೆ ಅಂತ.

ಇಬ್ಬರೂ ಮಂಡ್ಯಕ್ಕೆ ಹೋಗಿ ವಿಚಾರಿಸಿದೆವು. ವಾರಸುದಾರರ ಪತ್ರ, ಉಳಿದವರ ಒಪ್ಪಿಗೆ, ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟು. ಪಟ್ಟಿ ನೋಡಿಯೇ ಸುಸ್ತಾದೆ. ದೊಡ್ಡಪ್ಪ ಸಹಿ ಹಾಕೋದಂತೂ ದೂರದ ಮಾತು.

ವಾಪಸ್ ಬರುವಾಗ ಮದ್ದೂರಲ್ಲಿ ವಡೆಗೆ ನಿಲ್ಲಿಸಿದೆವು. ಸುಮ್ಮನೆ ಕೇಳಿದೆ, ‘ಅಪ್ಪ, ತಾತ ಜಿಂಕೆ ಹೊಡ್ದಿದ್ರಾ?’

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. 1969ರ ಸುಮಾರು, ಅಪ್ಪನಿಗೆ ಎಂಟು ವರ್ಷ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಅದಿನ್ನೂ ಬಂದಿರಲಿಲ್ಲ. ಪಿತೃಪಕ್ಷ ಹತ್ತಿರ ಇತ್ತು. ಹೊಲವೂ ಉಳೀತು, ಎಡೆಗೆ ಬಾಡೂ ಆಯ್ತು ಅನ್ನೋ ಲೆಕ್ಕ. ಅಟ್ಟಣೆ ಮೇಲೆ ತಾತ, ಪಕ್ಕದಲ್ಲಿ ಅಪ್ಪ. ಬ್ಯಾಟರಿ ಬೆಳಕಿಗೆ ಎರಡು ಕಣ್ಣು ಮಿಂಚಿದವು. ತಾತ ಈಡು ಹೊಡೆದರು.

‘ಬಿತ್ತು, ಎದ್ದು ಓಡ್ತು. ನಿಮ್ಮ ತಾತ ಎರಡ್ನೇ ತೋಟಾ ತುಂಬೋಕೆ ಹೋದ್ರೆ ಖಾಲಿ ತೋಟಾ ಕಚ್ಕಂಡು ಬರ್ಲಿಲ್ಲ. ಕತ್ತಲು, ಆನೆ ಭಯ, ಹಿಂದೆ ಹೋಗಂಗಿಲ್ಲ. ರಾತ್ರಿಯೆಲ್ಲಾ ಕೂಗ್ತಾ ಇತ್ತು ಕಣಪ್ಪ. ನಂಗೆ ಕಿವಿ ಮುಚ್ಚಿದ್ರು. ಅವ್ರ ಕಿವಿ ಮುಚ್ಚೋರು ಯಾರು?’

ಬೆಳಿಗ್ಗೆ ರಕ್ತದ ಜಾಡು ಹಿಡಿದು ಹೋದರು, ಹಳ್ಳದ ಹತ್ತಿರ ಜಾಡು ತಪ್ಪಿತು. ಮೂರನೇ ದಿನ ಹಳ್ಳದಾಚೆ ರಣಹದ್ದುಗಳು ಸುತ್ತುತ್ತಿದ್ದವು. ಆಮೇಲೆ ತಾತ ಬಂದೂಕು ಹಿಡಿದರೂ ಹಾರಿಸಿದ್ದು ಆಕಾಶಕ್ಕೇ. ಅಕ್ಕಪಕ್ಕದವರು ‘ಗುರಿ ಇಲ್ದವ್ನು’ ಅಂತ ನಗೋರಂತೆ. ತಾತ ನಗಿಸಿಕೊಂಡೇ ಇದ್ದರು.

ನಾನು ನೋಡಿದ ತಾತ ಬರೀ ತಮಟೆ, ಪಟಾಕಿಯವರು. ಅವರಿಗೆ ಗುರಿಯೇ ಇಲ್ಲ ಅಂತ ನಾನೂ ನಕ್ಕಿದ್ದೆ.

ವಡೆ ಆರಿತ್ತು. ‘ಮತ್ತೆ ಯಾಕಪ್ಪ ನನ್ ಹೆಸ್ರಿಗೆ?’ ಅಂದೆ. ‘ಅವ್ರ ವಸ್ತು ಅಂತ ಇನ್ನೇನೈತೆ ಹೇಳು’ ಅಂದರು.

ಕಾರಲ್ಲಿ ಮಳವಳ್ಳಿವರೆಗೂ ಇಬ್ಬರೂ ಮಾತಾಡಲಿಲ್ಲ. ಊರು ಸೇರುವ ಮುಂಚೆ ಅಪ್ಪನೇ ಅಂದರು, ‘ಸರ್ಕಾರಕ್ಕೇ ಕೊಟ್ಬುಡಣ.’

ಮುಂದಿನ ವಾರ ಸ್ಟೇಷನ್‌ನಲ್ಲಿ ನಂಬರ್ ತಾಳೆ ನೋಡೋಕೆ ಬಂದೂಕು ಹೊರಗೆ ತಂದರು. ಸಹಿಗೆ ಮುಂಚೆ ಒಂದು ಸಲ ಮುಟ್ಟಲಾ ಅಂತ ಅಪ್ಪ ಕೇಳಿದರು. ಪೇದೆ ತಲೆಯಾಡಿಸಿದರು. ಅಪ್ಪ ಕೀಲಿ ತಳ್ಳಿ ನಳಿಗೆ ಬಾಗಿಸಿ, ಒಳಗೆ ಏನೂ ಇಲ್ಲ ಅಂತ ಎರಡು ಸಲ ನೋಡಿ, ನನಗೂ ತೋರಿಸಿ, ಟೇಬಲ್ ಮೇಲೆ ಇಟ್ಟರು.