ಹೀರೆಯ ಹೂವು ಮತ್ತು ಎರಡು ಅಂಕಗಳು



“ನಿವೃತ್ತರಾದ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಸರ್?” ಎಂದು ನಿಮ್ಮಲ್ಲಿ ಹಲವರು ಕೇಳುವುದುಂಟು. ನನ್ನ ಹೊತ್ತಿನ ಬಹುಪಾಲು ಮನೆಯ ಹಿಂದಿನ ಹತ್ತು ಅಡಿ ಅಗಲದ ನೆಲದಲ್ಲಿ ಕಳೆಯುತ್ತದೆ. ಅದನ್ನು ತೋಟವೆಂದು ಕರೆದರೆ ಹಳ್ಳಿಯಲ್ಲಿರುವ ನಮ್ಮ ಬಂಧುಗಳು ನಕ್ಕಾರು. ಹಿತ್ತಲು ಎಂಬುದೇ ಅದಕ್ಕೆ ತಕ್ಕ ಹೆಸರು. ಆ ಹಿತ್ತಲು ಕೊಟ್ಟ ತರಕಾರಿಯ ಲೆಕ್ಕವನ್ನು ಇನ್ನೊಮ್ಮೆ ಹೇಳುತ್ತೇನೆ. ಅದು ತೋರಿಸಿಕೊಟ್ಟ ನನ್ನ ಒಂದು ಹಳೆಯ ತಪ್ಪಿನ ವಿಚಾರವನ್ನು ಇಂದು ಬರೆಯಬೇಕೆನಿಸಿದೆ.

2019ರಲ್ಲಿ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದಾಗ ಆ ನೆಲದಲ್ಲಿ ಇಟ್ಟಿಗೆ ಚೂರು, ಗಾರೆ, ಜಲ್ಲಿಗಳ ಹೊರತು ಬೇರೇನೂ ಇರಲಿಲ್ಲ. ಒಂದು ಅಡಿ ಆಳ ಅಗೆದು, ಅವನ್ನೆಲ್ಲ ಆರಿಸಿ ಹೊರಹಾಕಿ, ಕೆಂಪು ಮಣ್ಣಿಗೆ ಗೊಬ್ಬರ ಬೆರೆಸಿ ಪಾತಿ ಮಾಡುವಷ್ಟರಲ್ಲಿ ಎರಡು ತಿಂಗಳು ಕಳೆದವು. ಆತುರಕ್ಕೆ ಹಸಿ ಸಗಣಿಯನ್ನೇ ಹಾಕಿದ್ದರಿಂದ ಮೊದಲ ಬದನೆ ಸಸಿಗಳು ಸುಟ್ಟಂತಾಗಿ ಸತ್ತುಹೋದವು. ಗೊಬ್ಬರವು ಕಳಿತು, ಕಪ್ಪಾಗಿ, ವಾಸನೆ ಹೋಗಿ ಪುಡಿಪುಡಿಯಾದ ಮೇಲೆಯೇ ಗಿಡಕ್ಕೆ ಆಹಾರವಾಗುತ್ತದೆಂಬುದನ್ನು ಅವು ಕಲಿಸಿದವು. ಬಳಿಕ ಬಿತ್ತಿದ ಮೆಂತ್ಯವು ನಾಲ್ಕು ವಾರಗಳೊಳಗೆ ಕೊಯ್ಲಿಗೆ ಬಂದು ನನ್ನ ಮಾನ ಉಳಿಸಿತು.

2020ರ ಮೇ ತಿಂಗಳಲ್ಲಿ, ಪೇಟೆಗೆ ಹೋಗಲೂ ಅಂಜುತ್ತಿದ್ದ ಆ ದಿನಗಳಲ್ಲಿ, ಮೊದಲ ಮಳೆ ಬಿದ್ದೊಡನೆ ಹೀರೆಯ ಬೀಜಗಳನ್ನು ಊರಿದೆ. ಬಳ್ಳಿ ಸೊಂಪಾಗಿ ಬೆಳೆದು ಬಿದಿರಿನ ಚಪ್ಪರವನ್ನೇರಿತು. ಎಳೆಯ ಎಲೆಗಳನ್ನು ತೂತು ಮಾಡುತ್ತಿದ್ದ ಕೆಂಪು ದುಂಬಿಗಳಿಗೆ ನಮ್ಮಮ್ಮ ಮಾಡುತ್ತಿದ್ದಂತೆ ಮುಂಜಾನೆಯ ಇಬ್ಬನಿಯಲ್ಲಿ ಬೂದಿ ಎರಚಿದೆ. ಮೊಗ್ಗುಗಳೂ ಬಂದವು. ಆದರೆ ಕಾಫಿ, ಪತ್ರಿಕೆ ಮುಗಿಸಿ ಬಿಸಿಲೇರಿದ ಮೇಲೆ ಹೋಗಿ ನೋಡಿದರೆ ಹೂಗಳೆಲ್ಲ ಮುದುಡಿ ಜೋತುಬಿದ್ದಿರುತ್ತಿದ್ದವು. ನೀರು ಹೆಚ್ಚಾಯಿತೇ, ರೋಗ ತಗುಲಿತೇ ಎಂದು ಒಂದು ವಾರ ಚಿಂತಿಸಿದೆ.

ಒಂದು ದಿನ ಸಂಜೆ ಐದೂವರೆಯ ಸುಮಾರಿಗೆ ದೇವರಿಗೆ ಹೂ ಬಿಡಿಸಲು ಹೋಗಿದ್ದ ನನ್ನ ಶ್ರೀಮತಿ, “ಏನೂಂದ್ರೆ, ಇಲ್ಲಿ ಬಂದು ನೋಡಿ” ಎಂದು ಕೂಗಿದಳು. ಚಪ್ಪರದ ತುಂಬ ಹಳದಿ ಹೂಗಳು ಆಗ ತಾನೇ ಅರಳಿ ನಿಂತಿದ್ದವು! ಹೀರೆಯ ಹೂ ಅರಳುವುದು ಸಂಜೆಗೆ. ಮರುದಿನ ಬಿಸಿಲೇರುವ ಹೊತ್ತಿಗೆ ಅದರ ಆಯುಷ್ಯ ಮುಗಿಯುತ್ತದೆ. ಶ್ರೀಮತಿಯ ಸಂತೋಷದಲ್ಲಿ ನಾನು ಪಾಲ್ಗೊಳ್ಳಲಾಗಲಿಲ್ಲ. ನನಗೆ ಒಂದು ಉತ್ತರಪತ್ರಿಕೆ ನೆನಪಾಗಿತ್ತು.

1991ರಲ್ಲಿ ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಹೂಗಳು ಕೀಟಗಳನ್ನು ಆಕರ್ಷಿಸುವ ಬಗೆಯನ್ನು ಉದಾಹರಣೆಯೊಂದಿಗೆ ವಿವರಿಸಲು ನಾಲ್ಕು ಅಂಕಗಳ ಪ್ರಶ್ನೆ ಕೊಟ್ಟಿದ್ದೆ. ಬಣ್ಣದ ಹೂಗಳು ಹಗಲಿನಲ್ಲಿ ಅರಳುತ್ತವೆ, ರಾತ್ರಿ ಅರಳುವ ಹೂಗಳು ಬಿಳಿಯಾಗಿದ್ದು ಸುವಾಸನೆಯಿಂದ ಕೀಟಗಳನ್ನು ಕರೆಯುತ್ತವೆ ಎಂಬುದು ನಾನು ಮಾಡಿದ್ದ ಪಾಠ. ಕೊನೆಯ ಬೆಂಚಿನ ಹುಡುಗನೊಬ್ಬ ಬರೆದಿದ್ದ: “ಹೀರೆ ಹೂವು ಹಳದಿ. ದನ ಮನೆಗೆ ಬರುವ ಹೊತ್ತಿಗೆ ಅರಳುತ್ತದೆ. ಆಗ ಅದಕ್ಕೆ ಚಿಟ್ಟೆಯಂಥ ಬೂದು ಹುಳ ಬರುತ್ತದೆ.”

ನಾನು ಕೆಂಪು ಶಾಯಿಯಲ್ಲಿ ಗೀಟೆಳೆದು, “ತಪ್ಪು. ಪಾಠವನ್ನು ಸರಿಯಾಗಿ ಓದು” ಎಂದು ಬರೆದು ಎರಡು ಅಂಕ ಕಳೆದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಆ ಮೇಲೆ ಅವನು ಪುಸ್ತಕದಲ್ಲಿದ್ದಷ್ಟನ್ನೇ ಬರೆಯತೊಡಗಿದ. ಅಂಕಗಳು ಏರಿದವು. ಹುಡುಗ ಸುಧಾರಿಸಿದ ಎಂದು ನಾನೇ ಅವನ ತಂದೆಗೆ ಹೇಳಿದ್ದೆ.

ಪೇಟೆಯಲ್ಲಿ ಬೆಳೆದ ನಾನು ಹೀರೆಯನ್ನು ಸಂತೆಯಲ್ಲಿ ನೋಡಿದ್ದೆನೇ ಹೊರತು ಬಳ್ಳಿಯ ಮುಂದೆ ಒಂದು ಸಂಜೆಯೂ ನಿಂತಿರಲಿಲ್ಲ. ಶಾಲೆಯ ಬೇಲಿಯ ಮೇಲೆಯೇ ಹೀರೆ ಹಬ್ಬಿತ್ತು. ಗಂಟೆ ಬಾರಿಸಿದ ಮೇಲೆ ಒಂದು ತಾಸು ಕಾದಿದ್ದರೆ ಹುಡುಗನ ಮಾತು ನಿಜವೋ ಸುಳ್ಳೋ ತಿಳಿಯುತ್ತಿತ್ತು. ವಿಜ್ಞಾನದ ಮೊದಲ ಮೆಟ್ಟಿಲು ವೀಕ್ಷಣೆ ಎಂದು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದವನು ನಾನು. ಆ ಮೆಟ್ಟಿಲನ್ನು ಹತ್ತಿದ್ದವನು ಅವನು.

ಅಂದಿನಿಂದ ನಾನು ಹಿತ್ತಲಿಗೆ ಸಂಜೆಯೂ ಹೋಗುತ್ತೇನೆ. ಗೊಂಚಲಿನಲ್ಲಿ ಬರುವವು ಗಂಡು ಹೂಗಳು. ತೊಟ್ಟಿನ ಬಳಿ ಗೀರುಗೀರಾದ ಪುಟ್ಟ ಕಾಯಿಯನ್ನು ಹೊತ್ತು ಒಂಟಿಯಾಗಿ ಬರುವುದು ಹೆಣ್ಣು ಹೂ. ಮಳೆ ಹಿಡಿದು ಕೀಟಗಳು ಬಾರದ ದಿನ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೃದುವಾಗಿ ಸವರುತ್ತೇನೆ. ಮೂರು ನಾಲ್ಕು ದಿನಗಳಲ್ಲಿ ಕಾಯಿ ಹಿಗ್ಗಿದರೆ ಗೆದ್ದಂತೆ. ಹಳದಿಯಾಗಿ ಉದುರಿದರೆ ಸೋತಂತೆ. ಹಣ್ಣುನೊಣ ಚುಚ್ಚದಂತೆ ಎಳೆಗಾಯಿಗಳಿಗೆ ಕಾಗದದ ಚೀಲ ತೊಡಿಸುತ್ತೇನೆ. ಕತ್ತಲಾಗುತ್ತಿದ್ದಂತೆ ಒಂದೊಂದು ದಿನ ಬೂದು ಬಣ್ಣದ ಪತಂಗವೂ ಹೂವಿಂದ ಹೂವಿಗೆ ಹಾರುತ್ತದೆ. ಹುಡುಗ ಬರೆದಿದ್ದ ಮೂರನೆಯ ವಾಕ್ಯವೂ ಸರಿಯಾಗಿತ್ತು.

ಮೊದಲ ಕಾಯಿಗಳಿಂದ ಮನೆಯಲ್ಲಿ ತೊವ್ವೆ ಮಾಡಿದರು, ಸಿಪ್ಪೆಯಿಂದ ಚಟ್ನಿ ಅರೆದರು. ರುಚಿಯಾಗಿದ್ದವು, ಆದರೂ ತುತ್ತು ಸಲೀಸಾಗಿ ಇಳಿಯಲಿಲ್ಲ.

ಆ ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೀಗ ಐವತ್ತರ ಹತ್ತಿರದ ವಯಸ್ಸು. ಅವನ ಸಹಪಾಠಿಗಳು ಇದನ್ನು ಓದಿದರೆ ಯಾರೆಂದು ತಿಳಿದೀತು. ದಯವಿಟ್ಟು ಅವನಿಗೆ ತಲುಪಿಸಿರಿ. ಮಗೂ, ನಿನ್ನ ಉತ್ತರಕ್ಕೆ ನಾಲ್ಕಕ್ಕೆ ನಾಲ್ಕು ಕೊಡಬೇಕಾಗಿತ್ತು. ನಿನ್ನನ್ನು ನೋಡಿ ನಗಿಸಿದ್ದಕ್ಕೆ ನಿನ್ನ ಮೇಷ್ಟ್ರು ಕ್ಷಮೆ ಕೇಳುತ್ತಿದ್ದಾನೆ.

ಒಂದು ಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಬೀಜ ತೆಗೆದು, ಬೂದಿ ಬೆರೆಸಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮನೆಗೆ ಬರುವವರಿಗೆಲ್ಲ ನಾಲ್ಕು ಬೀಜ ಕೊಡುತ್ತೇನೆ. ನೀನೂ ಬಾ. ಬರುವುದಾದರೆ ಸಂಜೆಯ ಹೊತ್ತಿಗೇ ಬಾ.