ಎರಡು ದಾರಿ ತೆರೆದಿದ್ದರೂ

ಜೂನ್ 9, ರಾತ್ರಿ

ಹಗಲಲ್ಲಿ ಅಳತೆ ಆಗುವ ಮಾತಲ್ಲ. ಹೊರಗೆ ಒಂದು ಲಾರಿ ಹೋದರೂ ಗ್ರಾಫ್ ನಡುಗುತ್ತದೆ. ಎಲ್ಲರೂ ಹೊರಟ ಮೇಲೆ ಎ.ಸಿ. ಆರಿಸಿ ಕೂತೆ. ಕಾಲು ಮಿಲಿಮೀಟರ್ ದಪ್ಪದ ಚಿನ್ನದ ತಂತಿಯನ್ನು ಓರೆಯಾಗಿ ಕತ್ತರಿಸಿದರೆ ಟಿಪ್ ಸಿದ್ಧ. ಅದನ್ನು ಚಿನ್ನದ ಪದರಕ್ಕೆ ಒತ್ತಿ, ಮೆಲ್ಲಗೆ ಮೇಲೆತ್ತಬೇಕು. ನಡುವಿನ ಚಿನ್ನ ಸಣ್ಣಗಾಗುತ್ತ ಹೋದಂತೆ ವಾಹಕತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಚಿನ್ನದ ಕೊನೆಯ ಮೆಟ್ಟಿಲು ಸುಮಾರು 77.5 ಮೈಕ್ರೋಸೀಮೆನ್ಸ್, ಅಂದರೆ ಒಂದೇ ಪರಮಾಣುವಿನ ಅಗಲದ ಕೊಂಡಿ. ಎಲೆಕ್ಟ್ರಾನಿನ ಆವೇಶ ಮತ್ತು ಪ್ಲಾಂಕ್ ಸ್ಥಿರಾಂಕ, ಇವೆರಡರಿಂದಲೇ ಹುಟ್ಟುವ ಸಂಖ್ಯೆ. ಆ ಸಮತಟ್ಟು ಗೆರೆ ಮೂಡಿದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಕೊಂಡಿ ಹರಿಯುತ್ತದೆ. ಆ ಸಂದಿಯಲ್ಲಿ ದ್ರಾವಣದ ಅಣುವೊಂದು ಎರಡೂ ಕಡೆಯ ಚಿನ್ನಕ್ಕೆ ಕಚ್ಚಿಕೊಂಡರೆ, ಇನ್ನೂ ಕೆಳಗೆ ಮತ್ತೊಂದು ಮೆಟ್ಟಿಲು. ಅರಿಜೋನಾದಲ್ಲಿ ಶು ಮತ್ತು ಟಾವ್ 2003ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಸಾವಿರಾರು ಸಲ ಹರಿದು ಕೂಡಿಸಿ, ಅಳತೆಗಳ ರಾಶಿಯಲ್ಲಿ ಎದ್ದ ಶಿಖರವನ್ನು ನಂಬಬೇಕು.

ಜೂನ್ 11

ಹೊಸದಾಗಿ ಸೇರಿದ ಹುಡುಗಿ ಕೇಳಿದಳು: "ಮೇಡಂ, ಪ್ಯಾರಾ, ಮೆಟಾ ಎರಡರ ಅಣುಸೂತ್ರವೂ ಒಂದೇ. ಮೆಟಾದಲ್ಲಿ ಒಂದು ದಾರಿ ಇನ್ನೂ ಹತ್ತಿರ. ಆದರೂ ಕರೆಂಟ್ ಯಾಕೆ ಕಡಿಮೆ?"

ಬೋರ್ಡಿನ ಮೇಲೆ ಬೆಂಜೀನಿನ ಷಟ್ಕೋನ ಬರೆದು ಅವಳ ಕೈಯಲ್ಲೇ ಬಂಧಗಳನ್ನು ಎಣಿಸಿದೆ. ಚಿನ್ನಕ್ಕೆ ಕಚ್ಚುವ ಎರಡು ತುದಿಗಳು ಎದುರುಬದುರು ಮೂಲೆಯಲ್ಲಿರುವ ಪ್ಯಾರಾ ಜೋಡಣೆಯಲ್ಲಿ ಬಲಗಡೆ ಮೂರು ಬಂಧ, ಎಡಗಡೆ ಮೂರು. ನಡುವೆ ಒಂದು ಮೂಲೆ ಬಿಟ್ಟ ಮೆಟಾದಲ್ಲಿ ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು. ಅಣುವಿನ ತುಂಬಿದ ಮತ್ತು ಖಾಲಿ ಮಟ್ಟಗಳ ನಟ್ಟನಡುವಿನ ಶಕ್ತಿಯಲ್ಲಿ ಎಲೆಕ್ಟ್ರಾನಿನ ಅಲೆ ಒಂದೊಂದು ಬಂಧಕ್ಕೂ ಕಾಲು ಅಲೆಯಷ್ಟು ಮುಂದೆ ಸಾಗುತ್ತದೆ ಎಂದಿಟ್ಟುಕೊಂಡರೆ, ಎರಡು ಬಂಧದ ವ್ಯತ್ಯಾಸಕ್ಕೆ ಅರ್ಧ ಅಲೆ. ಒಂದು ದಾರಿಯ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಂದು ಬೀಳುತ್ತದೆ. ಇದು ಅಲೆಗಳ ವ್ಯತಿಕರಣ. ಹಾಗಾಗಿ ಎರಡು ದಾರಿಗಳೂ ತೆರೆದಿವೆ ಎಂಬುದೇ ಕರೆಂಟ್ ಕುಗ್ಗಲು ಕಾರಣ. ರೆಸಿಸ್ಟರುಗಳನ್ನು ಸಮಾಂತರವಾಗಿ ಜೋಡಿಸಿದರೆ ಕರೆಂಟ್ ಹೆಚ್ಚುತ್ತದೆಂದು ನಾವು ಶಾಲೆಯಲ್ಲಿ ಕಲಿತದ್ದು ಇಷ್ಟು ಸಣ್ಣ ಜಾಗದಲ್ಲಿ ನಡೆಯುವುದಿಲ್ಲ.

ಅವಳು ಬೋರ್ಡನ್ನೇ ನೋಡುತ್ತ ನಿಂತಳು. ಆಮೇಲೆ ಪಕ್ಕಪಕ್ಕದ ಮೂಲೆಗಳ ಆರ್ಥೋ ಜೋಡಣೆಯ ಲೆಕ್ಕ ತಾನಾಗಿಯೇ ಶುರುಮಾಡಿದಳು: ಒಂದು, ಐದು.

ಜೂನ್ 14

ಐಬಿಎಂನಲ್ಲಿ ವೆಬ್ ಮತ್ತು ಸಂಗಡಿಗರು 1985ರಲ್ಲಿ ಒಂದು ಮೈಕ್ರಾನ್‌ಗಿಂತಲೂ ಚಿಕ್ಕ ಚಿನ್ನದ ಉಂಗುರದಲ್ಲಿ ಈ ವ್ಯತಿಕರಣ ಕಂಡದ್ದು ನಿರಪೇಕ್ಷ ಶೂನ್ಯಕ್ಕೆ ತೀರ ಹತ್ತಿರದ ಚಳಿಯಲ್ಲಿ. ನಮ್ಮ ಅಣು ಮಾತ್ರ ಬೆಂಗಳೂರಿನ ಕೋಣೆಯ ಉಷ್ಣಾಂಶದಲ್ಲೇ ಕೆಲಸ ಮಾಡುತ್ತದೆ. ದಾರಿ ಒಂದು ನ್ಯಾನೋಮೀಟರ್ ಆಸುಪಾಸು. ಅಲೆಯ ಲಯ ಕೆಡುವಷ್ಟರಲ್ಲಿ ಎಲೆಕ್ಟ್ರಾನ್ ದಾಟಿಯೇ ಬಿಟ್ಟಿರುತ್ತದೆ. ಮಟ್ಟಗಳ ಅಂತರವೂ ಎಲೆಕ್ಟ್ರಾನ್ ವೋಲ್ಟ್‌ಗಳ ಲೆಕ್ಕದ್ದು. ಅದರ ಮುಂದೆ ಕೋಣೆಯ ಶಾಖದ 25 ಮಿಲಿ ಎಲೆಕ್ಟ್ರಾನ್ ವೋಲ್ಟ್ ಏನೇನೂ ಅಲ್ಲ.

ಜೂನ್ 17

ಮೆಟಾದ ಶಿಖರ ಕೆಳಗಡೆಯೇ ಬಂತು. ಇಷ್ಟಕ್ಕೇ "ವ್ಯತಿಕರಣ ಸಿಕ್ಕಿತು" ಎಂದು ಬರೆಯಲು ನಾನು ಒಪ್ಪುವುದಿಲ್ಲ. ಅಣುವಿನ ತುದಿಯ ಗಂಧಕ ಚಿನ್ನವನ್ನು ಹಿಡಿದ ರೀತಿ, ಅಣು ವಾಲಿ ನಿಂತ ಕೋನ, ಇವೂ ಕರೆಂಟನ್ನು ತಗ್ಗಿಸಬಲ್ಲವು. ನಮ್ಮ ಅಳತೆ ಕರೆಂಟ್ ಎಷ್ಟು ಹರಿಯಿತು ಎಂದಷ್ಟೇ ಹೇಳುತ್ತದೆ. ಅಲೆಯ ಫೇಸ್, ಅಂದರೆ ಅದರ ಉಬ್ಬುತಗ್ಗು ಎಷ್ಟು ಸರಿದಿದೆ ಎಂಬುದನ್ನು ಹೇಳುವುದಿಲ್ಲ.

ಇಸ್ರೇಲಿನ ರೆಹೋವೊತ್‌ನ ವೈಜ್‌ಮನ್ ಸಂಸ್ಥೆಯವರ ಪ್ರಬಂಧಗಳನ್ನು ಅದಕ್ಕೇ ಮತ್ತೆ ಮತ್ತೆ ತೆಗೆಯುತ್ತೇನೆ. ಯಾಕೊಬಿ, ಹೈಬ್ಲಮ್ ಮುಂತಾದವರು 1995ರಲ್ಲಿ ಅಂಥದ್ದೇ ಒಂದು ಉಂಗುರದ ಒಂದು ತೋಳಿನಲ್ಲಿ, ಎಲೆಕ್ಟ್ರಾನುಗಳನ್ನು ಹಿಡಿದಿಡುವ ಪುಟ್ಟ ಗೂಡಾದ ಕ್ವಾಂಟಂ ಡಾಟ್ ಕೂರಿಸಿದರು. ಡಾಟ್ ದಾಟಿ ಬಂದ ಅಲೆ ತನ್ನ ಲಯ ಉಳಿಸಿಕೊಂಡಿದೆ ಎಂಬುದು ಗೊತ್ತಾಯಿತು. ಆದರೆ ಎರಡೇ ತುದಿಗಳ ಉಂಗುರದಲ್ಲಿ ಸಮಮಿತಿಯ ಕಟ್ಟುಪಾಡಿನಿಂದ ಅಳೆದ ಫೇಸ್ ಸೊನ್ನೆ ಅಥವಾ ಪೈ (ಅರ್ಧ ಅಲೆ) ಮಾತ್ರ ಆಗಬಲ್ಲದು. 1997ರಲ್ಲಿ ಉಂಗುರಕ್ಕೆ ಇನ್ನಷ್ಟು ಬಾಗಿಲು ತೆರೆದರು. ಆಗ ಅನುರಣನದ ಉದ್ದಕ್ಕೂ ಫೇಸ್ ಮೆಲ್ಲಗೆ ಏರಿ, ಎರಡು ಶಿಖರಗಳ ನಡುವಿನ ಕಣಿವೆಯಲ್ಲಿ ಥಟ್ಟನೆ ಪೈನಷ್ಟು ಜಾರುವುದು ಕಂಡಿತು. ಅಂಥ ಜಾರುವಿಕೆ ಕಣಿವೆಯಿಂದ ಕಣಿವೆಗೆ ಮರುಕಳಿಸಿದ್ದು ಸಿದ್ಧಾಂತಿಗಳನ್ನು ವರ್ಷಗಟ್ಟಲೆ ಕಾಡಿತು. ಅಳತೆಯಲ್ಲಿ ತೃಪ್ತರಾಗದೆ ಉಪಕರಣವನ್ನೇ ಬದಲಿಸಿದ ಅವರ ಹಟ ನನಗೆ ಇಷ್ಟ.

ಜೂನ್ 18

ನಮ್ಮ ಅಣುವಿಗೆ ಉಂಗುರ ಕಟ್ಟಲಾಗದು, ನಿಜ. ಆದರೆ ಅದರ ಮಟ್ಟಗಳನ್ನು ಮೇಲೆ ಕೆಳಗೆ ಸರಿಸುವ ಗೇಟ್ ವೋಲ್ಟೇಜ್ ಕೊಡಬಹುದು. 2019ರಲ್ಲಿ ಚೀನಾದ ಶಿಯಾಮೆನ್ ತಂಡ ಥಯೋಫೀನ್ ಅಣುಗಳಲ್ಲಿ ದ್ರಾವಣದ ಮೂಲಕವೇ ಗೇಟ್ ಕೊಟ್ಟು ವ್ಯತಿಕರಣದ ತಗ್ಗನ್ನು ಹಿಡಿಯಿತು: ಒಂದು ವೋಲ್ಟೇಜಿನಲ್ಲಿ ವಾಹಕತೆ ಕುಸಿದು, ಎರಡೂ ಪಕ್ಕದಲ್ಲಿ ಮತ್ತೆ ಏರಿತು. ಬರೀ ಹಿಡಿತ ಸಡಿಲವಾಗಿದ್ದರೆ ಇಂಥ ತಗ್ಗು ಬರುವುದಿಲ್ಲ.

ನಾಳೆ ಗೇಟ್‌ಗೆಂದು ರೆಫರೆನ್ಸ್ ಎಲೆಕ್ಟ್ರೋಡ್ ಜೋಡಿಸಬೇಕು. ಟಿಪ್‌ನ ತುದಿ ಮಾತ್ರ ಹೊರಗಿರುವಂತೆ ಮೇಣ ಸವರಬೇಕು. ಇಲ್ಲವಾದರೆ ಸೋರುವ ಕರೆಂಟೇ ಅಣುವಿನದ್ದನ್ನು ಮುಚ್ಚಿಹಾಕುತ್ತದೆ. ಮೊದಲು ಪ್ಯಾರಾ, ಆಮೇಲೆ ಮೆಟಾ.