ಗಾಲಿಯ ಗುಟ್ಟು

ಸಂಸಾರದಲ್ಲಿ ಸಪ್ಪಳಗಳು ಎರಡು ಬಗೆಯವು: ಕಾರಣ ತಿಳಿದವು, ಕಾರಣ ತಿಳಿಯದವು. ಕುಕ್ಕರು ಕೂಗಿದರೆ, ನೆರೆಮನೆಯ ಕೂಸು ಅತ್ತರೆ, ಕಚೇರಿಯಲ್ಲಿ ಸಾಹೇಬರು ಗುಡುಗಿದರೆ ನಮಗೆ ಭಯವಿಲ್ಲ. ಅವು ಎಲ್ಲಿಂದ ಬಂದವು, ಎಷ್ಟು ಹೊತ್ತಿಗೆ ನಿಂತಾವು ಎಂಬುದು ಗೊತ್ತು. ಆದರೆ ಹಳೆಯ ಕಾರಿನ ಮುಂದಿನ ಗಾಲಿಯಿಂದ ಬರುವ 'ಗುಂಯ್' ಎಂಬ ದನಿ ಇದೆಯಲ್ಲ, ಅದು ಸಾಲ ಕೊಟ್ಟವನ ಸೌಜನ್ಯದಂತೆ. ಕೇಳಲು ಮೆತ್ತಗೆ, ಮುಂದೇನೆಂಬುದು ದೇವರಿಗೇ ಗೊತ್ತು.

ನಾವು ಪುಣೆಯಲ್ಲಿ ಸರಕಾರಿ ಕಚೇರಿಯೊಂದರ ಕಾರಕೂನರು. ಮೂರನೆಯ ಕೈಯಾಗಿ ಬಂದ ಸಣ್ಣ ಕಾರೊಂದರ ಒಡೆಯರೂ ಹೌದು. ಕಳೆದ ಮಳೆಗಾಲದ ಕೊನೆಗೆ ಅವ್ವನ ಕಣ್ಣಿನ ಪೊರೆಯನ್ನು ಇಲ್ಲಿಯೇ ತೆಗೆಸಿದೆವು. ಅವಳಿಗೆ ಧಾರವಾಡದ ಮನೆ ಸೇರುವ ಅವಸರ. ಕಣ್ಣಿಗೆ ಧೂಳು ತಾಗಕೂಡದೆಂದು ವೈದ್ಯರ ಕಟ್ಟಪ್ಪಣೆ. ಆದುದರಿಂದ 400 ಕಿಲೋಮೀಟರಿಗೂ ಮಿಕ್ಕ ಆ ದಾರಿಯನ್ನು ನಮ್ಮ ರಥದಲ್ಲಿಯೇ ಕ್ರಮಿಸುವುದೆಂದು ನಿಶ್ಚಯವಾಯಿತು.

ಸಪ್ಪಳವನ್ನು ಮೊದಲು ಹಿಡಿದವಳೂ ಅವ್ವನೇ. ಕಣ್ಣಿಗೆ ಕಪ್ಪು ಕನ್ನಡಕ ಬಂದ ಮೇಲೆ ಅವಳ ಕಿವಿ ಇಮ್ಮಡಿ ಚುರುಕಾಗಿತ್ತು. ಆಸ್ಪತ್ರೆಯಿಂದ ಮರಳುವಾಗ, "ತಮ್ಮಾ, ಎಡಗಡೆ ಬೀಸೂ ಕಲ್ಲು ಬೀಸಿದಂಗ ಆಗಾಕತ್ತೈತಲ್ಲೊ. ಅದೂ ಕಾಳು ಹಾಕದ ಬರೇ ಕಲ್ಲು," ಎಂದಳು.

"ರಸ್ತೆದ ಸಪ್ಪಳ ಇರಬೇಕ್ರಿ, ಅತ್ತಿ," ಎಂದು ಹಿಂದಿನಿಂದ ನಮ್ಮ ಮನೆಯವಳು.

"ರಸ್ತೆ ಬದಲಾದ್ರೂ ಸಪ್ಪಳ ಬದಲಾಗವಲ್ದಲ್ಲವಾ!"

ಈ ಒಂದು ಮಾತಿನಲ್ಲಿ ಎಷ್ಟು ತರ್ಕವಿತ್ತೆಂಬುದು ಮರುದಿನ ದೊಡ್ಡದೊಂದು ವರ್ಕ್‌ಶಾಪಿಗೆ ಹೋದಾಗ ತಿಳಿಯಿತು. ಅಲ್ಲಿಯ ಮಹಾಶಯನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಾಲ್ಕೂ ಟಾಯರು ಬದಲಿಸಿ," ಎಂದುಬಿಟ್ಟ. ಕೇಳಲಿಲ್ಲ, ಓಡಿಸಿ ನೋಡಲಿಲ್ಲ. ನಮ್ಮ ಕಚೇರಿಯಲ್ಲಿ ಒಂದು ಪೆನ್ಸಿಲು ಬೇಕಾದರೂ ಕಾರಣ ಬರೆದುಕೊಡಬೇಕು!

ಮನೆಗೆ ಬಂದವರೇ ಒಂದು ವಹಿ ತೆರೆದೆವು. ವೇಗ 20 ಇರುವಾಗ ಮೌನ, 40ಕ್ಕೆ ಗುಂಯ್, 60ಕ್ಕೆ ಮಾತು ಕೇಳದಷ್ಟು. ಓಡುತ್ತಿರುವಾಗಲೇ ಗಿಯರು ತೆಗೆದು ನ್ಯೂಟ್ರಲಿಗೆ ಹಾಕಿದೆವು. ಇಂಜಿನ್ನು ತಣ್ಣಗಾಯಿತು, ಗುಂಯ್ ಹಾಗೆಯೇ ಇತ್ತು. ಅಂದಮೇಲೆ ಇಂಜಿನ್ನು ನಿರ್ದೋಷಿ. ಬ್ರೇಕನ್ನು ಮೆಲ್ಲಗೆ ಒತ್ತಿದೆವು, ದನಿಯಲ್ಲಿ ವ್ಯತ್ಯಾಸವಿಲ್ಲ. ಬ್ರೇಕ್ ಪ್ಯಾಡು ಸವೆದಿದ್ದರೆ ಅದರಲ್ಲಿರುವ ಉಕ್ಕಿನ ಸಣ್ಣ ನಾಲಗೆ ಡಿಸ್ಕಿಗೆ ತಾಗಿ ಕಿರ್ರೆಂದು ಚೀರುತ್ತದೆ, ಬ್ರೇಕು ಒತ್ತಿದರೆ ಆ ಚೀರಾಟದ ರೀತಿ ಬದಲಾಗುತ್ತದೆ. ಇದು ಆ ಜಾತಿಯದಲ್ಲ. ರವಿವಾರ ಖಾಲಿ ಮೈದಾನದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಎರಡೂ ಕಡೆ ಸುತ್ತು ಹೊಡೆದೆವು. ಗಾಲಿಗೆ ಶಕ್ತಿ ಮುಟ್ಟಿಸುವ ದಂಡದ ಕೀಲು ಸವೆದಿದ್ದರೆ ಆಗ ಕಟಕಟ ಎನ್ನಬೇಕು, ಎನ್ನಲಿಲ್ಲ. (ಮಕ್ಕಳು ಮಾತ್ರ ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿದರು.) ಪಂಕ್ಚರಿನ ಅಂಗಡಿಯಲ್ಲಿ ಮುಂದಿನ ಟಾಯರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿದೆವು. ಟಾಯರು ಅಂಕುಡೊಂಕಾಗಿ ಸವೆದರೂ ಹೀಗೆಯೇ ಗುಂಯ್‌ಗುಟ್ಟುವುದುಂಟು. ಆದರೆ ಸಪ್ಪಳವು ಟಾಯರಿನೊಡನೆ ಹಿಂದಕ್ಕೆ ಹೋಗದೆ ಅವ್ವನ ಕಾಲ ಬಳಿಯೇ ಉಳಿಯಿತು. ನಾಲ್ಕು ಟಾಯರುಗಳ ಹಣ ಉಳಿದದ್ದು ಅಲ್ಲಿ.

ಕೊನೆಯ ಸಾಕ್ಷಿ ರಸ್ತೆಯ ತಿರುವು. ಬಲಕ್ಕೆ ಹೊರಳಿದಾಗ ಸಪ್ಪಳ ಏರಿತು. ಎಡಕ್ಕೆ ಹೊರಳಿದಾಗ ಇಳಿಯಿತು. ಬಸ್ಸು ಬಲಕ್ಕೆ ತಿರುಗಿದರೆ ನಿಂತ ಜನ ಎಡಕ್ಕೆ ವಾಲುವುದಿಲ್ಲವೇ? ಹಾಗೆಯೇ ಕಾರಿನ ಭಾರವೂ ಎಡಗಾಲಿಯ ಮೇಲೆ ಬೀಳುತ್ತದೆ. ನೋವಿದ್ದ ಕಾಲಿಗೆ ಭಾರ ಬಿದ್ದರೆ ನರಳಾಟ ಹೆಚ್ಚುವುದು ಸಹಜ.

ಈ ವಹಿಯೊಂದಿಗೆ ನಮ್ಮ ಓಣಿಯ ಮಿಸ್ತ್ರಿಯ ಬಳಿಗೆ ಹೋದೆವು. ಆತ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಮುಂಭಾಗ ಎತ್ತಿ, ಎಡಗಾಲಿಯ ಮೇಲುತುದಿ ಕೆಳತುದಿ ಹಿಡಿದು ಅಲುಗಾಡಿಸಿದ; ಸಣ್ಣಗೆ ಕಟ್ ಎಂದಿತು. ಆಮೇಲೆ ನಮ್ಮ ಬೆರಳನ್ನು ಗಾಲಿಯ ಹಿಂದಿನ ಸ್ಪ್ರಿಂಗಿನ ಮೇಲೆ ಇರಿಸಿ ಗಾಲಿಯನ್ನು ತಿರುಗಿಸಿದ. ಮರಳಿನ ಮೇಲೆ ಏನೋ ಉರುಳಿದಂಥ ನಡುಕ ಬೆರಳಿಗೆ ಹತ್ತಿತು. ಬಲಗಡೆ ಆ ನಡುಕವಿರಲಿಲ್ಲ. "ಬೇರಿಂಗ್ ಗೇಲಂ," ಎಂದ. ಮರಾಠಿಯಲ್ಲಿ ಗೇಲಂ ಎಂದರೆ ಹೋಯಿತು. ಕನ್ನಡಿಗನ ಕಿವಿಗೆ ಮಾತ್ರ ಅದು ಗೆಲುವಿನಂತೆಯೇ ಕೇಳುತ್ತದೆ.

ಎರಡು ಉಕ್ಕಿನ ಬಳೆಗಳ ನಡುವೆ ಉಕ್ಕಿನ ಗುಂಡುಗಳು, ಅವುಗಳಿಗೆ ಗ್ರೀಸಿನ ಲೇಪ, ಹೊರಗೆ ಮುಚ್ಚಳದಂಥ ಸೀಲು. ಬೇರಿಂಗ್ ಎಂದರೆ ಇಷ್ಟೇ. ಸೀಲು ಹಳೆಯದಾಗಿ ಮಳೆಯ ನೀರು ಒಳಹೊಕ್ಕರೆ ಗ್ರೀಸು ಕೆಡುತ್ತದೆ, ಗುಂಡು ತುಕ್ಕು ಹಿಡಿದು ಗುಳಿ ಬೀಳುತ್ತದೆ. ಕಾಳಿಲ್ಲದ ಕಲ್ಲು! ಅವ್ವನ ನಿದಾನದಲ್ಲಿ ತಿದ್ದುವುದೇನೂ ಇರಲಿಲ್ಲ.

ಕಚೇರಿಯ ಸ್ನೇಹಿತರೊಬ್ಬರು, "ಧಾರವಾಡ ಮುಟ್ಟಿಸಿ ಆಮೇಲೆ ನೋಡಿಕೊಳ್ಳಿ, ಇನ್ನೂ ಸಾವಿರ ಕಿಲೋಮೀಟರು ಬಾಳುತ್ತದೆ," ಎಂದರು. ಬಾಳೀತು, ಬಾಳದೆಯೂ ಇದ್ದೀತು. ಇಂಥ ಬೇರಿಂಗು ಕಾದು ಬಿಗಿದುಕೊಳ್ಳಬಹುದು. ಮಿತಿಮೀರಿದರೆ ಗಾಲಿಯೇ ಸಡಿಲಾಗಬಹುದು. ಮುಂದೆ ಖಂಬಾಟಕಿ ಘಾಟು, ಎಡಗಡೆ ಅವ್ವ, ಹಿಂದೆ ಮನೆಯವಳು ಮತ್ತು ಎರಡು ಮಕ್ಕಳು. ಹಬ್ಬದ ಬಟ್ಟೆಗೆಂದು ತೆಗೆದಿಟ್ಟ ಹಣವನ್ನು ಮನೆಯವಳೇ ಎಣಿಸಿ ಕೈಗಿತ್ತಳು.

ಮಿಸ್ತ್ರಿ ಹೊಸದನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿಸಿ ಕೂಡಿಸಿದ. ಬಡಿದರೆ ಹೊಸದಕ್ಕೂ ಅದೇ ರೋಗವಂತೆ. ಹಳೆಯದನ್ನು ಒರೆಸಿ ಕಾಗದದಲ್ಲಿ ಸುತ್ತಿ ಕೊಟ್ಟ. ಅವ್ವ ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, "ಹೂಂ, ಇದ ಅದು," ಎಂದಳು.

ಮರುದಿನ ನಸುಕಿನಲ್ಲಿ ಹೊರಟೆವು. ಸಾತಾರಾ ದಾಟುವವರೆಗೆ ಅವಳು ಕಿವಿಗೊಟ್ಟೇ ಕುಳಿತಿದ್ದಳು. ಆಮೇಲೆ ತಲೆ ವಾಲಿಸಿ ನಿದ್ದೆ ಹೋದಳು. ಕಿತ್ತೂರು ಬಂದಾಗ ನಾವೇ ಎಬ್ಬಿಸಬೇಕಾಯಿತು.